ಕಾರು ಹಡಗಿನ ತಳದಲ್ಲಿ, ಔಷಧಿ ಚೀಲ ಹೆಗಲ ಮೇಲೆ

ಮಕ್ಕಳು ಬ್ರಿಟನ್ನಿನಲ್ಲಿರುವ ಮೈಸೂರಿನ ಹಿರಿಯರಿಂದ ಬೇಸಿಗೆಯ ಹೊತ್ತಿಗೆ ಪತ್ರಗಳು ಹೆಚ್ಚುತ್ತವೆ. ಈಚೆಗೆ ಅವುಗಳಲ್ಲಿ ಹೊಸ ಮಾತೊಂದು ಸೇರಿದೆ: ಕ್ಯಾಂಪಿಂಗ್. ಐದಾರು ಜನರ ಸಂಸಾರ ಯುರೋಪಿನಲ್ಲಿ ಹೋಟೆಲ್ ಹಿಡಿದರೆ ಖರ್ಚು ಕೈಮೀರುತ್ತದೆ. ಹಾಗಾಗಿ ಟೆಂಟು, ಸ್ಟೌವು, ಅಕ್ಕಿ-ಬೇಳೆಯನ್ನೆಲ್ಲ ಡಿಕ್ಕಿಗೆ ತುಂಬಿ, ಕಾರಿನ ಸಮೇತ ಹಡಗು ಹತ್ತಿ ಫ್ರಾನ್ಸಿಗೆ ಹೋಗಿಬರುತ್ತಾರೆ. ಈ ವಾರದ ಪ್ರಶ್ನೆಗಳೆಲ್ಲ ಅದಕ್ಕೆ ಸಂಬಂಧಿಸಿದವು.

ಪ್ರಶ್ನೆ: ನನಗೆ 68 ವರ್ಷ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಬಿ.ಪಿ. ಇದೆ. ಬೆಳಿಗ್ಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಮಾತ್ರೆ, ರಾತ್ರಿ ಗ್ಲಾರ್ಜಿನ್ ಇನ್ಸುಲಿನ್. ಹೆಂಡತಿಗೆ ಮಂಡಿನೋವು. ಜುಲೈ ತಿಂಗಳಲ್ಲಿ ಮಗ-ಸೊಸೆ ನಮ್ಮನ್ನು ಡೋವರ್‌ನಿಂದ ಹಡಗಿನಲ್ಲಿ ಫ್ರಾನ್ಸಿಗೆ ಕರೆದೊಯ್ದು ಒಂದು ವಾರ ಟೆಂಟಿನಲ್ಲಿ ಉಳಿಸಬೇಕೆಂದಿದ್ದಾರೆ. ಈ ವಯಸ್ಸಿನಲ್ಲಿ ಸಮುದ್ರದ ಸಹವಾಸ ಬೇಡ ಎಂದು ನೆಂಟರು ಹೆದರಿಸುತ್ತಿದ್ದಾರೆ. ಹೋಗಬಹುದೆ?
– ಓದುಗರು, ಕುವೆಂಪುನಗರ

ಉತ್ತರ: ಧಾರಾಳವಾಗಿ ಹೋಗಿ. ಡೋವರ್‌ನಿಂದ ಕ್ಯಾಲೆಗೆ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆ. ನೀವು ಮೈಸೂರಿನಿಂದ ಮಡಿಕೇರಿ ತಲುಪಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ನಿಮ್ಮ ವಯಸ್ಸಿನವರಿಗೆ ತೊಂದರೆ ಬರುವುದು ಸಮುದ್ರದಿಂದಲ್ಲ. ಹಡಗು ಹತ್ತುವ ಮುಂಚಿನ ಕ್ಯೂನಲ್ಲಿ, ಮತ್ತು ಟೆಂಟಿನಲ್ಲಿ ಕಳೆಯುವ ರಾತ್ರಿಗಳಲ್ಲಿ.

ಮೊದಲು ಕ್ಯೂ. ಫ್ರಾನ್ಸಿನ ಅಧಿಕಾರಿಗಳು ಡೋವರ್‌ನಲ್ಲೇ ಪಾಸ್‌ಪೋರ್ಟ್ ನೋಡುತ್ತಾರೆ. ಜುಲೈ ಕೊನೆಗೆ ಅಲ್ಲಿನ ಶಾಲೆಗಳಿಗೆ ರಜೆ ಸಿಕ್ಕ ಮೇಲೆ ಕಾರುಗಳು ಗಂಟೆಗಟ್ಟಲೆ ನಿಲ್ಲುವುದುಂಟು. ಬೆಳಿಗ್ಗೆ ನುಂಗಿದ ಗ್ಲಿಮೆಪಿರೈಡ್ ದಿನವಿಡೀ ಕೆಲಸ ಮಾಡುತ್ತದೆ. ನಿಮ್ಮ ಮಧ್ಯಾಹ್ನದ ಊಟ ತಡವಾಯಿತೆಂದು ಅದು ಸುಮ್ಮನಿರುವುದಿಲ್ಲ. ಕೈ ನಡುಗುವುದು, ಬೆವರುವುದು, ಎದೆ ಹೊಡೆದುಕೊಳ್ಳುವುದು, ಕಾರಣವಿಲ್ಲದೆ ಸಿಡುಕುವುದು ಶುರುವಾದರೆ ಸಕ್ಕರೆ ಇಳಿದಿದೆ ಎಂದೇ ತಿಳಿಯಿರಿ. ಗ್ಲೂಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಏರಿಲ್ಲವಾದರೆ ಇನ್ನೊಮ್ಮೆ ಕುಡಿಯಿರಿ, ಆಮೇಲೆ ಏನಾದರೂ ತಿನ್ನಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಬುತ್ತಿ ಕಾರಿನಲ್ಲೇ ಇರಲಿ. ಆದರೆ ಬ್ರಿಟನ್ನಿನಿಂದ ಐರೋಪ್ಯ ಒಕ್ಕೂಟಕ್ಕೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಮೊಸರನ್ನದ ಡಬ್ಬಿ ಹಡಗಿನಲ್ಲೇ ಖಾಲಿಯಾಗಬೇಕು. ತುಪ್ಪದ ಬಾಟಲಿ ಮಗನ ಮನೆಯಲ್ಲೇ ಉಳಿಯಲಿ.

ಎರಡನೆಯದು ಔಷಧಿ ಚೀಲ. ಕಾರಿನೊಂದಿಗೆ ನೀರು ದಾಟುವುದೆಂದರೆ ನಮಗೆ ನೆನಪಾಗುವುದು ಸಿಗಂದೂರಿನ ಲಾಂಚ್. ಶರಾವತಿ ಹಿನ್ನೀರಿನಲ್ಲಿ ಬಸ್ಸು, ಕಾರುಗಳ ಪಕ್ಕದಲ್ಲೇ ನಾವೆಲ್ಲ ನಿಂತು ದಾಟುತ್ತಿದ್ದೆವು. 2025ರ ಜುಲೈನಲ್ಲಿ ಅಲ್ಲಿ ಸೇತುವೆಯೇ ಆಯಿತು. ಇಂಗ್ಲಿಷ್ ಕಡಲ್ಗಾಲುವೆಯ ಹಡಗು ಹಾಗಲ್ಲ. ಕಾರು ಕೆಳಗಿನ ಅಂತಸ್ತಿನಲ್ಲಿ ನಿಲ್ಲುತ್ತದೆ, ಪ್ರಯಾಣಿಕರೆಲ್ಲ ಮೇಲೆ ಹೋಗಬೇಕು, ಹಡಗು ಹೊರಟ ಮೇಲೆ ಕಾರಿನ ಬಳಿ ಯಾರನ್ನೂ ಬಿಡುವುದಿಲ್ಲ. ‘ಮಾತ್ರೆ ಡಿಕ್ಕಿಯಲ್ಲಿದೆ, ಬೇಕಾದಾಗ ತರೋಣ’ ಎನ್ನುವ ಮಾತು ಅಲ್ಲಿ ನಡೆಯದು. ಇನ್ಸುಲಿನ್ ಪೆನ್, ಗ್ಲೂಕೋಮೀಟರ್, ಗ್ಲೂಕೋಸ್ ಪುಡಿ, ಬಿ.ಪಿ. ಮಾತ್ರೆ, ಕನ್ನಡಕ, ಒಂದು ಸ್ವೆಟರ್ – ಇಷ್ಟು ಒಂದು ಹೆಗಲ ಚೀಲದಲ್ಲಿರಲಿ, ಅದನ್ನು ನೀವೇ ಹೊತ್ತುಕೊಳ್ಳಿ. ಮೈಸೂರಿನಿಂದ ಹೊರಡುವಾಗಲೂ ಇನ್ಸುಲಿನ್ ವಿಮಾನದ ಕೈಚೀಲದಲ್ಲೇ ಇರಬೇಕು. ಚೆಕ್-ಇನ್ ಸೂಟ್‌ಕೇಸಿನಲ್ಲಿಟ್ಟರೆ ಸೂಟ್‌ಕೇಸು ತಪ್ಪಿದ ದಿನ ಇನ್ಸುಲಿನ್ನೂ ತಪ್ಪುತ್ತದೆ, ಥಂಡಿಗೆ ಹೆಪ್ಪುಗಟ್ಟುವ ಅಪಾಯವೂ ಇದೆ.

ಬಳಸುತ್ತಿರುವ ಗ್ಲಾರ್ಜಿನ್ ಪೆನ್ನಿಗೆ ಫ್ರಿಜ್ ಬೇಡ. 30 ಡಿಗ್ರಿ ಮೀರದಿದ್ದರೆ 28 ದಿನ ಬರುತ್ತದೆ. ಹೊಸ ಪೆನ್ನುಗಳನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಾತ್ರ ಯಾವುದನ್ನೂ ಬಿಡಬೇಡಿ. ಹಲವು ಕ್ಯಾಂಪ್ ಸೈಟುಗಳ ಕಚೇರಿಯಲ್ಲಿ ಐಸ್ ಪ್ಯಾಕ್ ಹೆಪ್ಪುಗಟ್ಟಿಸಿ ಕೊಡುತ್ತಾರೆ, ಕೇಳಿ. ಐಸ್ ಪ್ಯಾಕಿಗೆ ಪೆನ್ನನ್ನು ನೇರವಾಗಿ ತಾಗಿಸದೆ ಟವೆಲಿನಲ್ಲಿ ಸುತ್ತಿಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು, ಎಸೆಯಿರಿ. ಬ್ರಿಟನ್ನಿಗೂ ಫ್ರಾನ್ಸಿಗೂ ಗಡಿಯಾರದಲ್ಲಿ ಒಂದೇ ಗಂಟೆಯ ವ್ಯತ್ಯಾಸ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಅಲ್ಲಿನ ಸಂಜೆಯ ಬಗ್ಗೆ. ಜುಲೈನಲ್ಲಿ ಉತ್ತರ ಫ್ರಾನ್ಸಿನಲ್ಲಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ; ಮಕ್ಕಳು ಆಡುತ್ತಲೇ ಇರುತ್ತಾರೆ, ಅಡುಗೆ ಹೊತ್ತು ಮೀರುತ್ತದೆ. ನಿಮ್ಮ ಊಟ ಎಂಟಕ್ಕೆ ಆಗಲೇಬೇಕು ಎಂದು ಸೊಸೆಗೆ ಮೊದಲೇ ಹೇಳಿಬಿಡಿ.

ಇನ್ನು ಟೆಂಟು. ನಿಮ್ಮ ಪತ್ರದಲ್ಲಿ ನೀವು ಬರೆಯದಿದ್ದರೂ ನಾನೇ ಕೇಳುತ್ತೇನೆ: ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ? ಸಕ್ಕರೆ ಕಾಯಿಲೆ ಇರುವ 68ರ ಗಂಡಸರು ಎರಡು ಮೂರು ಸಲ ಏಳುವುದು ಸಾಮಾನ್ಯ. ಕ್ಯಾಂಪ್ ಸೈಟಿನಲ್ಲಿ ಶೌಚಾಲಯ ಎಲ್ಲರಿಗೂ ಸೇರಿ ಒಂದು ಕಡೆ ಇರುತ್ತದೆ. ಕತ್ತಲಲ್ಲಿ ಒದ್ದೆ ಹುಲ್ಲಿನ ಮೇಲೆ, ಟೆಂಟುಗಳ ಹಗ್ಗ ದಾಟಿಕೊಂಡು ನಡೆಯಬೇಕು. ಆ ಹಗ್ಗಕ್ಕೆ ಕಾಲು ಸಿಕ್ಕಿ ಬಿದ್ದು ಸೊಂಟದ ಮೂಳೆ ಮುರಿದರೆ ಪ್ರವಾಸ ಅಲ್ಲಿಗೆ ಮುಗಿಯಿತು. ಇದನ್ನು ತಪ್ಪಿಸಲು ನಮ್ಮ ಹಿರಿಯರು ಮಾಡುವುದೇನು ಗೊತ್ತೆ? ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಬಿ.ಪಿ. ಮಾತ್ರೆ ನುಂಗುವವರು ನೀರು ಬಿಟ್ಟರೆ ಎದ್ದು ನಿಂತಾಗ ತಲೆ ಸುತ್ತಿ ಬೀಳುತ್ತಾರೆ, ಮೂತ್ರದ ಸೋಂಕೂ ತಗಲುತ್ತದೆ. ಮಗನ ಹತ್ತಿರ ಈ ಮಾತು ಹೇಳಲು ಸಂಕೋಚ ಬೇಡ. ಅವನು ನಿಮ್ಮನ್ನು ಪ್ರೀತಿಯಿಂದ ಕರೆದೊಯ್ಯುತ್ತಿದ್ದಾನೆ. ನಿಮ್ಮ ಮೈಯ ಅಗತ್ಯ ಏನೆಂದು ತಿಳಿದರೆ ಅದಕ್ಕೆ ತಕ್ಕಂತೆ ಜಾಗ ಹಿಡಿಯುತ್ತಾನೆ. ಫ್ರಾನ್ಸಿನ ಬಹಳಷ್ಟು ಕ್ಯಾಂಪ್ ಸೈಟುಗಳಲ್ಲಿ ಟೆಂಟಿನ ಜಾಗದ ಜೊತೆಗೆ ಮೊಬೈಲ್ ಹೋಮ್ ಎಂಬ ಪುಟ್ಟ ಮನೆಗಳೂ ಬಾಡಿಗೆಗೆ ಸಿಗುತ್ತವೆ. ಮಂಚ, ಅಡುಗೆಮನೆ, ಶೌಚಾಲಯ ಒಳಗೇ ಇರುತ್ತವೆ. ಟೆಂಟಿಗಿಂತ ಖರ್ಚು ಹೆಚ್ಚು, ನಿಜ. ಆದರೆ ನೆಲದಿಂದ ಏಳಲಾಗದ ನಿಮ್ಮ ಪತ್ನಿಯ ಮಂಡಿಗೆ, ನಿಮ್ಮ ರಾತ್ರಿಗಳಿಗೆ ಅದೇ ಸರಿ ಎಂದು ನನ್ನ ಅಭಿಪ್ರಾಯ. ಮಗ-ಸೊಸೆ, ಮೊಮ್ಮಕ್ಕಳು ಪಕ್ಕದಲ್ಲೇ ಟೆಂಟ್ ಹಾಕಿಕೊಳ್ಳಲಿ. ಅದೂ ಆಗದಿದ್ದರೆ ಎತ್ತರದ ಮಡಚುವ ಮಂಚ, ಕೈಯಾಸರೆ ಇರುವ ಕುರ್ಚಿ, ಇಬ್ಬರಿಗೂ ಒಂದೊಂದು ಟಾರ್ಚು, ಒಂದು ಯೂರಿನ್ ಕ್ಯಾನ್ ತಪ್ಪದೆ ಇರಲಿ.

ವಾಂತಿ-ಭೇದಿ ಆಗಿ ನೀರೂ ನಿಲ್ಲದಿದ್ದರೆ ಆ ದಿನ ಮೆಟ್‌ಫಾರ್ಮಿನ್ ನಿಲ್ಲಿಸಿ. ಊಟವೇ ಇಲ್ಲದಿದ್ದರೆ ಗ್ಲಿಮೆಪಿರೈಡ್ ಕೂಡ ಬೇಡ. ಇನ್ಸುಲಿನ್ನನ್ನು ಮಾತ್ರ ನೀವಾಗಿ ಪೂರ್ತಿ ನಿಲ್ಲಿಸಬೇಡಿ. ಸಕ್ಕರೆ ನೋಡಿಕೊಂಡು, ನಿಮ್ಮ ವೈದ್ಯರಿಗೆ ಫೋನ್ ಮಾಡಿ ಪ್ರಮಾಣ ಕೇಳಿ. ಹೆಸರು ‘ಗ್ಲಿಫ್ಲೋಜಿನ್’ ಎಂದು ಮುಗಿಯುವ ಮಾತ್ರೆಗಳನ್ನು ತೆಗೆದುಕೊಳ್ಳುವ ಓದುಗರೂ ವಾಂತಿಯಾದ ದಿನ ಅವನ್ನು ನಿಲ್ಲಿಸಬೇಕು.

ಪ್ರಶ್ನೆ: ಮಡಿಕೇರಿ ಬಸ್ಸಿನಲ್ಲೇ ನನಗೆ ವಾಂತಿ. ಆರು ವರ್ಷದ ಮೊಮ್ಮಗಳಿಗೂ ಹಾಗೇ. ನ್ಯೂಕ್ಯಾಸಲ್‌ನಿಂದ ಆಮ್‌ಸ್ಟರ್‌ಡಾಂಗೆ ರಾತ್ರಿಯಿಡೀ ಹಡಗಿನಲ್ಲಿ ಹೋಗಬೇಕು. ಯಾವ ಮಾತ್ರೆ ಒಳ್ಳೆಯದು? ನಮ್ಮ ಯಜಮಾನರಿಗೆ ಪ್ರಾಸ್ಟೇಟ್ ತೊಂದರೆ ಇದೆ, ಅವರಿಗೂ ಅದನ್ನೇ ಕೊಡಬಹುದೆ?
– ಓದುಗರು, ಸರಸ್ವತಿಪುರಂ

ಉತ್ತರ: ಒಳಕಿವಿ ‘ಮೈ ತೂಗುತ್ತಿದೆ’ ಎನ್ನುತ್ತದೆ, ಕೋಣೆಯ ಗೋಡೆ ನೋಡುತ್ತಿರುವ ಕಣ್ಣು ‘ಇಲ್ಲ, ನಿಂತಿದೆ’ ಎನ್ನುತ್ತದೆ. ಮಿದುಳಿಗೆ ಈ ಎರಡು ಸುದ್ದಿ ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಹಡಗಿನ ಮುಂತುದಿ, ಹಿಂತುದಿ ಹೆಚ್ಚು ಕುಣಿಯುತ್ತವೆ. ಕ್ಯಾಬಿನ್ ಕಾದಿರಿಸುವಾಗಲೇ ನಡುಭಾಗದಲ್ಲಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಕೇಳಿ. ಹಗಲಿದ್ದಷ್ಟು ಹೊತ್ತು ಹೊರಗೆ ಗಾಳಿಯಲ್ಲಿ ಕುಳಿತು ದೂರದ ಬಾನಂಚು ನೋಡಿ. ಮೊಮ್ಮಗಳ ಕೈಗೆ ಮೊಬೈಲ್ ಕೊಡಬೇಡಿ. ತಲೆಯಾಡಿಸದೆ ಮಲಗಿದರೂ ಅರ್ಧ ಕಡಿಮೆಯಾಗುತ್ತದೆ. ಖಾಲಿ ಹೊಟ್ಟೆಯೂ ಬೇಡ, ಕರಿದದ್ದೂ ಬೇಡ.

ಮಾತ್ರೆಯನ್ನು ಹಡಗು ಹೊರಡುವ ಎರಡು ಗಂಟೆ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿಮಗೆ ಸಿನ್ನರಿಜೀನ್ ಆಗಬಹುದು. ಐದು ವರ್ಷ ದಾಟಿದ ಮಕ್ಕಳಿಗೆ ದೊಡ್ಡವರ ಅರ್ಧ ಪ್ರಮಾಣ, ಅದನ್ನೂ ಮಕ್ಕಳ ವೈದ್ಯರನ್ನು ಕೇಳಿಯೇ ಕೊಡಿ. ಪಾರ್ಕಿನ್ಸನ್ಸ್ ಇರುವವರಿಗೆ ಇದು ಸಲ್ಲದು. ಯಾವ ಹೊಸ ಮಾತ್ರೆಯನ್ನಾದರೂ ಮೊದಲು ಮನೆಯಲ್ಲಿ ಒಮ್ಮೆ ತೆಗೆದುಕೊಂಡು ಎಷ್ಟು ಮಂಪರು ಬರುತ್ತದೆ ನೋಡಿಕೊಳ್ಳಿ. ನಿಮ್ಮ ಯಜಮಾನರಿಗೆ ವಾಂತಿಯ ತೊಂದರೆಯೇ ಇಲ್ಲದಿದ್ದರೆ ಏನೂ ಕೊಡಬೇಡಿ. ಪ್ರಾಸ್ಟೇಟ್ ಊದಿಕೊಂಡಿರುವ ಗಂಡಸರಿಗೆ ಹಯೋಸಿನ್, ಪ್ರೊಮೆಥಜೀನ್, ಡೈಮೆನ್‌ಹೈಡ್ರಿನೇಟ್ ಮಾತ್ರೆಗಳಿಂದ ಮೂತ್ರ ಕಟ್ಟಿಹೋಗಬಹುದು. ಸಮುದ್ರದ ನಡುವೆ ರಾತ್ರಿ ಎರಡು ಗಂಟೆಗೆ ಮೂತ್ರ ಕಟ್ಟಿದರೆ ಆ ಯಾತನೆ ಹೇಳತೀರದು. ಗ್ಲಾಕೋಮಾ ಇರುವವರೂ ಕಣ್ಣಿನ ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಬೆಳಿಗ್ಗೆ ಹಡಗಿಳಿದು ಕಾರು ಓಡಿಸಬೇಕಾದವರಿಗೂ ಮಂಪರು ತರುವ ಮಾತ್ರೆ ಬೇಡ.

ಪ್ರಶ್ನೆ: ಮಗಳ ಸಂಸಾರ ಪ್ರತಿವರ್ಷ ಫ್ರಾನ್ಸಿನಲ್ಲಿ ಟೆಂಟ್ ಹಾಕಿ ಉಳಿಯುತ್ತದೆ. ಹೋದ ಸಲ ಮಳೆ ಬಂದಾಗ ಟೆಂಟಿನೊಳಗೇ ಗ್ಯಾಸ್ ಸ್ಟೌ ಹಚ್ಚಿ ಅನ್ನ ಮಾಡಿಕೊಂಡದ್ದನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದಳು. ಮೊಮ್ಮಗನಿಗೆ ಉಬ್ಬಸ ಇದೆ. ಹೊಗೆಯಿಂದ ಅವನಿಗೆ ತೊಂದರೆಯಾದೀತೆ?
– ಓದುಗರು, ವಿಜಯನಗರ

ಉತ್ತರ: ಈ ಪತ್ರ ಓದಿ ನನಗೆ ನಿಜಕ್ಕೂ ಭಯವಾಯಿತು. ಮೊಮ್ಮಗನ ಉಬ್ಬಸಕ್ಕಿಂತ ದೊಡ್ಡ ಅಪಾಯ ಇಲ್ಲಿದೆ, ಅದು ಮನೆಮಂದಿಗೆಲ್ಲ. ಇಂದೇ ಮಗಳಿಗೆ ಫೋನ್ ಮಾಡಿ.

ಉರಿಯುವ ಗ್ಯಾಸ್, ಇದ್ದಿಲು, ಸೌದೆ ಎಲ್ಲದರಿಂದಲೂ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಮುಚ್ಚಿದ ಜಾಗದಲ್ಲಿ ಅದು ಶೇಖರವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಚಳಿಗೆ ಕೋಣೆಯೊಳಗೆ ಕೆಂಡವಿಟ್ಟು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲೂ ಓದಿದ್ದೀರಿ. ಟೆಂಟು ಅದಕ್ಕಿಂತ ಚಿಕ್ಕ ಕೋಣೆ. ಜಿಪ್ಪು ಅರ್ಧ ತೆರೆದಿದ್ದರೆ ಸಾಕು ಎಂಬುದು ತಪ್ಪು ತಿಳಿವಳಿಕೆ. ಟೆಂಟಿನ ಮುಂದಿನ ಚಾವಡಿಯಂಥ ಭಾಗದಲ್ಲೂ ಹಚ್ಚುವಂತಿಲ್ಲ. ಹೆಚ್ಚು ಜನ ಮೋಸಹೋಗುವುದು ಬಾರ್ಬೆಕ್ಯೂ ಇದ್ದಿಲಿನಿಂದ. ಅಡುಗೆ ಮುಗಿದು, ಬೂದಿ ಕವಿದು, ಬೆಂಕಿ ಆರಿದಂತೆ ಕಂಡ ಮೇಲೂ ಅದು ಗಂಟೆಗಟ್ಟಲೆ ವಿಷ ಬಿಡುತ್ತಿರುತ್ತದೆ. ಬೆಚ್ಚಗಿರಲಿ ಎಂದು, ಇಲ್ಲವೆ ಮಳೆಗೆ ನೆನೆಯದಿರಲಿ ಎಂದು ಅದನ್ನು ಒಳಗೆ ತಂದಿಟ್ಟವರು ಸತ್ತಿದ್ದಾರೆ.

ಲಕ್ಷಣಗಳು ಸಾಧಾರಣವಾಗಿ ತೋರುತ್ತವೆ: ತಲೆನೋವು, ಓಕರಿಕೆ, ತಲೆಸುತ್ತು, ತಡೆಯಲಾಗದ ನಿದ್ದೆ. ಡ್ರೈವಿಂಗ್ ಆಯಾಸ ಎಂದೋ, ಗ್ಯಾಸ್ಟ್ರಿಕ್ ಎಂದೋ ಮಲಗಿಬಿಡುತ್ತಾರೆ. ಒಂದೇ ಟೆಂಟಿನಲ್ಲಿರುವ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ ಏನನ್ನೂ ಯೋಚಿಸದೆ ಹೊರಗೆ ಬನ್ನಿ, 112ಕ್ಕೆ ಕರೆಮಾಡಿ. ಯುರೋಪಿನಲ್ಲೂ ತುರ್ತು ಸಂಖ್ಯೆ ಅದೇ. ಕೊರೊನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರನ್ನು ಬೆರಳಿಗೆ ಹಾಕಿ ‘98 ಇದೆ’ ಎಂದು ಸಮಾಧಾನಪಡಬೇಡಿ. ಆ ಸಾಮಾನ್ಯ ಯಂತ್ರ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಇದ್ದದ್ದೆಂದೇ ಎಣಿಸುತ್ತದೆ. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬ್ರಿಟನ್ನಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಒಂದು ಕೊಳ್ಳಲಿ, ಆದರೆ ಅಲಾರಂ ಇದೆಯೆಂದು ಒಳಗೆ ಸ್ಟೌ ಹಚ್ಚದಿರಲಿ.

ಮಳೆಯ ದಿನಕ್ಕೆ ಒಲೆ ಬೇಡದ ಊಟ ಮೊದಲೇ ಯೋಚಿಸಿಡಬೇಕು. ನಮ್ಮ ಹುಳಿಯವಲಕ್ಕಿಗಿಂತ ಒಳ್ಳೆಯದು ಯಾವುದಿದೆ? ತರಿಯಾಗಿ ಒಡೆದ ಅವಲಕ್ಕಿಗೆ ಪುಡಿ, ಒಗ್ಗರಣೆ, ಕೊಬ್ಬರಿ ಬೆರೆಸಿ ಮನೆಯಲ್ಲೇ ಡಬ್ಬಿಗೆ ತುಂಬಿಕೊಳ್ಳಲಿ. ಅಲ್ಲಿ ಹುಣಿಸೆ ನೀರು ಚಿಮುಕಿಸಿ ಅರ್ಧ ಗಂಟೆ ಮುಚ್ಚಿಟ್ಟರೆ ಊಟ. ನೀರನ್ನು ಮಾತ್ರ ನೋಡಿಕೊಂಡು ಹಿಡಿಯಬೇಕು. ನಲ್ಲಿಯ ಮೇಲೆ ‘ನಾನ್ ಪೊಟಾಬ್ಲ್’ ಎಂದಿದ್ದರೆ ಅದು ಕುಡಿಯುವ ನೀರಲ್ಲ.

ಮೊಮ್ಮಗನ ವಿಷಯ: ದಿನನಿತ್ಯದ ಇನ್‌ಹೇಲರನ್ನು ರಜೆ ಎಂದು ಬಿಡಬಾರದು. ತುರ್ತಿನ ಇನ್‌ಹೇಲರ್, ಸ್ಪೇಸರ್ ಎರಡೂ ರಾತ್ರಿ ಅವನ ದಿಂಬಿನ ಪಕ್ಕದಲ್ಲಿರಲಿ, ಇನ್ನೊಂದು ಜೊತೆ ಕಾರಿನಿಂದ ಇಳಿಯುವಾಗ ಹೊತ್ತೊಯ್ಯುವ ಚೀಲದಲ್ಲಿರಲಿ. ಬೆಂಕಿ ಹಾಕಿದ ಕಡೆ ಗಾಳಿ ಬರುವ ದಿಕ್ಕಿನಲ್ಲಿ ಕೂರಿಸಿ. ಬೇಸಿಗೆಯಾದರೂ ಅಲ್ಲಿನ ರಾತ್ರಿಗಳು ನಮ್ಮ ಮಾಗಿಗಿಂತ ಚಳಿ. ಕಿವಿ ಮುಚ್ಚುವ ಟೋಪಿ ಇರಲಿ.

ಪ್ರಶ್ನೆ: ನಮಗೆ ಬ್ರಿಟನ್ನಿನ ವಿಸಿಟರ್ ವೀಸಾ ಇದೆ, ಮಗನಿಗೆ ಅಲ್ಲಿನ ಆರೋಗ್ಯ ಕಾರ್ಡ್ ಇದೆ. ಫ್ರಾನ್ಸಿನಲ್ಲಿ ಆಸ್ಪತ್ರೆ ಸೇರಬೇಕಾದರೆ ಅದು ಸಾಕೆ?
– ಓದುಗರು, ಜಯಲಕ್ಷ್ಮೀಪುರಂ

ಉತ್ತರ: ಸಾಲದು. ಬ್ರಿಟನ್ನಿನ ವೀಸಾದಿಂದ ಫ್ರಾನ್ಸಿಗೆ ಪ್ರವೇಶವಿಲ್ಲ. ಷೆಂಗೆನ್ ವೀಸಾ ಬೇರೆಯೇ ಬೇಕು, ಇಲ್ಲಿಂದ ಹೊರಡುವ ಮುನ್ನವೇ ಮಾಡಿಸಿಕೊಳ್ಳುವುದು ಲೇಸು. ಅದಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಮಗನ ಕಾರ್ಡು ಅಲ್ಲಿನ ನಿವಾಸಿಗಳಿಗೆ ಮಾತ್ರ, ನಿಮ್ಮನ್ನು ಒಳಗೊಳ್ಳುವುದಿಲ್ಲ. ವಿಮೆ ಕೊಳ್ಳುವಾಗ ಸಕ್ಕರೆ, ಬಿ.ಪಿ., ಸ್ಟೆಂಟ್ ಎಲ್ಲವನ್ನೂ ಬರೆಯಿರಿ. ಪ್ರೀಮಿಯಂ ಕಡಿಮೆಯಾಗಲೆಂದು ಮುಚ್ಚಿಟ್ಟ ಕಾಯಿಲೆಯೇ ಅಲ್ಲಿ ಕಾಣಿಸಿಕೊಂಡರೆ ಹಣ ಬರುವುದಿಲ್ಲ. ಪ್ರವಾಸದಲ್ಲಿ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ. ನಮ್ಮ ಮಾತ್ರೆಗಳ ಬ್ರಾಂಡ್ ಹೆಸರು ಅಲ್ಲಿ ಯಾರಿಗೂ ತಿಳಿಯದು. ಔಷಧದ ಮೂಲ ಹೆಸರು, ಪ್ರಮಾಣವನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದ ಚೀಟಿಯನ್ನು ನಿಮ್ಮ ವೈದ್ಯರಿಂದ ಪಡೆಯಿರಿ. ಸಣ್ಣಪುಟ್ಟದಕ್ಕೆ ಹಸಿರು ಶಿಲುಬೆಯ ಗುರುತಿರುವ ಔಷಧದಂಗಡಿಗೆ ಹೋಗಿ.

ಪ್ರಶ್ನೆ: ನಮ್ಮ ಮೂಲ ಊರು ಸಾಗರದ ಕಡೆ. ಮಂಗನ ಕಾಯಿಲೆಯ ಭಯದಲ್ಲೇ ಬೆಳೆದವರು. ಯುರೋಪಿನ ಹುಲ್ಲಿನಲ್ಲೂ ಉಣುಗು ಇರುತ್ತದಂತೆ. ಅಲ್ಲೂ ಆ ಕಾಯಿಲೆ ಬರುತ್ತದೆಯೇ?
– ಓದುಗರು, ಹೆಬ್ಬಾಳು

ಉತ್ತರ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆ ಅಲ್ಲಿಲ್ಲ. ಅಲ್ಲಿನ ಉಣುಗಿನಿಂದ ಹೆಚ್ಚಾಗಿ ಬರುವುದು ಲೈಮ್ ಎಂಬ ಬೇರೊಂದು ಕಾಯಿಲೆ. ಬ್ಯಾಕ್ಟೀರಿಯಾದಿಂದ ಬರುವಂಥದ್ದು, ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್‌ನಂಥ ಔಷಧದಿಂದ ವಾಸಿಯಾಗುತ್ತದೆ. ಉದ್ದ ಹುಲ್ಲಿನಲ್ಲಿ ಆಡಿದ ಮಕ್ಕಳನ್ನು ಪ್ರತಿ ಸಂಜೆ ನೋಡಿ: ಕೂದಲಂಚು, ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ. ಅಂಟಿಕೊಂಡಿದ್ದರೆ ಚೂಪಾದ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ನಮ್ಮೂರಿನಲ್ಲಿ ಮಾಡುವ ಹಾಗೆ ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಕಚ್ಚಿದ ದಿನಾಂಕ ಬರೆದಿಟ್ಟುಕೊಳ್ಳಿ. ಮೂರರಿಂದ ಮೂವತ್ತು ದಿನದೊಳಗೆ ಆ ಜಾಗದ ಸುತ್ತ ಕೆಂಪು ಬಳೆಯಂತೆ ಹರಡಿದರೆ ವೈದ್ಯರಿಗೆ ತೋರಿಸಿ. ಅಷ್ಟರಲ್ಲಿ ನೀವು ಮೈಸೂರಿಗೆ ವಾಪಸಾಗಿರಬಹುದು; ಇಲ್ಲಿನ ವೈದ್ಯರು ಈ ಕಾಯಿಲೆಯನ್ನು ಹೆಚ್ಚಾಗಿ ನೋಡಿರುವುದಿಲ್ಲ. ಆದ್ದರಿಂದ ಫ್ರಾನ್ಸಿನಲ್ಲಿ ಟೆಂಟಿನಲ್ಲಿದ್ದೆವು, ಉಣುಗು ಕಚ್ಚಿತ್ತು ಎಂದು ಅವರು ಕೇಳದಿದ್ದರೂ ನೀವೇ ಹೇಳಿ.