ಜೀವವಿಕಾಸದ ಪಾಠ ಮತ್ತು ಸೃಷ್ಟಿಕಥೆಗಳ ಸ್ಥಾನ

ಪೀಠಿಕೆ

ಗೋವಾ ರಾಜ್ಯದ ಡಿಚೋಲಿ ತಾಲೂಕಿನ ಸಾಂಖಳಿಯು ವಾಳವಂಟಿ ನದಿಯ ದಂಡೆಯಲ್ಲಿರುವ ಊರು. ಚೋರ್ಲಾ ಘಾಟಿನ ದಾರಿ ಈ ಪ್ರದೇಶವನ್ನು ಬೆಳಗಾವಿಯೊಡನೆ ಬೆಸೆದಿದೆ. ಕೊಂಕಣಿ, ಮರಾಠಿ, ಕನ್ನಡ ಮಾತಾಡುವ ಮನೆಗಳ ಮಕ್ಕಳು, ಬೇರೆ ಬೇರೆ ಧರ್ಮಗಳ ಮಕ್ಕಳು ಇಲ್ಲಿ ಒಟ್ಟಿಗೆ ಬೆಳೆಯುತ್ತಾರೆ. ಜಗತ್ತು ಮತ್ತು ಜೀವಿಗಳು ಹೇಗೆ ಹುಟ್ಟಿದವು ಎಂಬ ಪ್ರಶ್ನೆಗೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರವಿದೆ. ಒಂದು ಮನೆಯಲ್ಲಿ ಬ್ರಹ್ಮನ ಕಥೆ, ಮತ್ತೊಂದರಲ್ಲಿ ಆರು ದಿನಗಳ ಸೃಷ್ಟಿ, ಇನ್ನೊಂದರಲ್ಲಿ ಮಣ್ಣಿನಿಂದ ರೂಪುಗೊಂಡ ಆದಮನ ವೃತ್ತಾಂತ. ಕನ್ನಡದ ಜನಪದ ಕಥನಗಳಲ್ಲಿ ಆದಿಶಕ್ತಿಯಿಂದ ಲೋಕ ಹುಟ್ಟಿದ ಪ್ರಸಂಗಗಳೂ ಇವೆ. ಈ ಉತ್ತರಗಳನ್ನು ವಿಜ್ಞಾನದ ಪಾಠದಲ್ಲಿ ಜೀವವಿಕಾಸದ ಪಕ್ಕದಲ್ಲಿಟ್ಟು ಕಲಿಸಬೇಕೇ? ಕಲಿಸಬಾರದಾದರೆ, ಅವುಗಳನ್ನು ತರಗತಿಗೆ ಹೊತ್ತು ತರುವ ಮಗುವಿಗೆ ಶಿಕ್ಷಕರು ಹೇಗೆ ಉತ್ತರಿಸಬೇಕು? ಈ ಎರಡು ಪ್ರಶ್ನೆಗಳೇ ಪ್ರಸ್ತುತ ಪಾಠದ ವಿಷಯ.

ಪ್ರಶ್ನೆ ಎದ್ದ ಬಗೆ

2018ರ ಜನವರಿಯಲ್ಲಿ ಅಂದಿನ ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಖಾತೆಯ ರಾಜ್ಯ ಸಚಿವ ಸತ್ಯಪಾಲ ಸಿಂಗ್ ಅವರು, ಮಂಗ ಮನುಷ್ಯನಾದುದನ್ನು ಪೂರ್ವಜರಾರೂ ಕಂಡಿಲ್ಲವೆಂದೂ, ಡಾರ್ವಿನ್ನನ ಸಿದ್ಧಾಂತ ತಪ್ಪೆಂದೂ, ಪಠ್ಯಕ್ರಮವನ್ನು ಬದಲಿಸಬೇಕೆಂದೂ ಹೇಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆಯ ಮೂಲಕ ಈ ಮಾತಿಗೆ ಆಧಾರವಿಲ್ಲವೆಂದು ಸ್ಪಷ್ಟಪಡಿಸಿದವು. ಪಠ್ಯ ಆಗ ಬದಲಾಗಲಿಲ್ಲ.

ಮುಂದೆ ಕೋವಿಡ್ ಕಾಲದ ಕಲಿಕಾ ಹೊರೆಯನ್ನು ಇಳಿಸುವ ಕಾರಣ ನೀಡಿ ಎನ್‌ಸಿಇಆರ್‌ಟಿಯು ಪಠ್ಯಭಾಗಗಳನ್ನು ಕಡಿತಗೊಳಿಸಿತು. 2023ರಲ್ಲಿ ಬಂದ ಹೊಸ ಮುದ್ರಣದಲ್ಲಿ ಹತ್ತನೆಯ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಧ್ಯಾಯವು ‘ಅನುವಂಶೀಯತೆ’ ಎಂದಷ್ಟೇ ಉಳಿಯಿತು. ಆ ವರ್ಷದ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಮತ್ತಿತರರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ಈ ಕಡಿತವನ್ನು ವಿರೋಧಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಅಧ್ಯಾಯ ಉಳಿದಿದೆ ಎಂಬುದು ಸರಕಾರದ ಉತ್ತರ.

ಕಡಿತಕ್ಕೆ ಕೊಟ್ಟ ಕಾರಣ ಧಾರ್ಮಿಕವಾದುದಲ್ಲ ಎಂಬುದನ್ನು ಇಲ್ಲಿ ನ್ಯಾಯವಾಗಿ ಗಮನಿಸಬೇಕು. ಆದರೆ ಪರಿಣಾಮವನ್ನೂ ಗಮನಿಸಬೇಕು. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ಓದುವವರು ಕೆಲವರು ಮಾತ್ರ. ಕಲಾ ಅಥವಾ ವಾಣಿಜ್ಯ ವಿಭಾಗಕ್ಕೆ ಹೋಗುವ ಮಗುವಿಗೆ, ಹತ್ತಕ್ಕೇ ಓದು ನಿಲ್ಲಿಸಿ ದುಡಿಮೆಗಿಳಿಯುವ ಮಗುವಿಗೆ ಈ ತಿಳಿವಳಿಕೆ ಶಾಲೆಯಿಂದ ದೊರೆಯುವುದೇ ಇಲ್ಲ. ಶಾಲೆ ಬಿಟ್ಟ ತೆರವನ್ನು ಕೇಳಿಬಂದ ಮಾತು ತುಂಬುತ್ತದೆ.

‘ಎರಡನ್ನೂ ಕಲಿಸಿ’ ಎಂಬ ವಾದ

ವಿಕಾಸವನ್ನೂ ಸೃಷ್ಟಿಕಥೆಯನ್ನೂ ಕಲಿಸಿ, ಆಯ್ಕೆಯನ್ನು ಮಗುವಿಗೆ ಬಿಡುವುದೇ ನ್ಯಾಯ ಎಂಬ ವಾದ ಮೇಲ್ನೋಟಕ್ಕೆ ಉದಾರವಾಗಿ ಕಾಣುತ್ತದೆ. ಅಮೆರಿಕದಲ್ಲಿ ಇದನ್ನು ಕಾನೂನಾಗಿಸುವ ಪ್ರಯತ್ನ ನಡೆದಿತ್ತು. ವಿಕಾಸವನ್ನು ಕಲಿಸಿದರೆ ‘ಸೃಷ್ಟಿ ವಿಜ್ಞಾನ’ವನ್ನೂ ಕಲಿಸಬೇಕೆಂಬ ಲೂಸಿಯಾನಾ ರಾಜ್ಯದ ಕಾನೂನನ್ನು 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರದ್ದುಪಡಿಸಿತು. ಅದೇ ವಿಚಾರ ‘ಬುದ್ಧಿಪೂರ್ವಕ ವಿನ್ಯಾಸ’ ಎಂಬ ಹೊಸ ಹೆಸರಿನಲ್ಲಿ ಬಂದಾಗ, 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಪ್ರಕರಣದಲ್ಲಿ ನ್ಯಾಯಾಲಯವು ಅದು ವಿಜ್ಞಾನವಲ್ಲವೆಂದು ತೀರ್ಪಿತ್ತಿತು.

ಭಾರತದಲ್ಲಿ ಈ ವಾದ ಇನ್ನೊಂದು ತೊಡಕಿಗೆ ಸಿಲುಕುತ್ತದೆ. ಕಲಿಸಬೇಕಾದುದು ಯಾರ ಸೃಷ್ಟಿಕಥೆ? ಸಾಂಖಳಿಯಂತಹ ಊರಿನ ಒಂದೇ ತರಗತಿಯಲ್ಲಿ ಮೂರು ನಾಲ್ಕು ಕಥೆಗಳಿರುವಾಗ, ಒಂದನ್ನು ವಿಜ್ಞಾನವೆಂದು ಆರಿಸಿದರೆ ಉಳಿದ ಮಕ್ಕಳ ಮನೆಯ ನಂಬಿಕೆ ಸುಳ್ಳೆಂದು ಶಾಲೆಯೇ ಸಾರಿದಂತಾಗುತ್ತದೆ. ಸಂವಿಧಾನದ 28ನೆಯ ವಿಧಿಯು ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸಿದೆ. 1976ರ 42ನೆಯ ತಿದ್ದುಪಡಿಯಿಂದ ಸೇರಿದ 51ಎ ವಿಧಿಯು ವೈಜ್ಞಾನಿಕ ಮನೋಭಾವದ ಬೆಳವಣಿಗೆಯನ್ನು ಪ್ರತಿ ಪ್ರಜೆಯ ಕರ್ತವ್ಯವೆಂದಿದೆ. ಧರ್ಮಗಳ ಬಗ್ಗೆ ತಿಳಿವಳಿಕೆ ನೀಡುವುದು ಧಾರ್ಮಿಕ ಬೋಧನೆಯಾಗದೆಂದು ಸುಪ್ರೀಂ ಕೋರ್ಟು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಸೃಷ್ಟಿಕಥೆಗಳನ್ನು ಶಾಲೆಯಿಂದ ಹೊರಗಟ್ಟಬೇಕಾಗಿಲ್ಲ. ಅವುಗಳಿಗೆ ಭಾಷೆಯ ಪಾಠದಲ್ಲಿ, ಇತಿಹಾಸದ ಪಾಠದಲ್ಲಿ ಗೌರವದ ಸ್ಥಾನವಿದೆ. ವಿಜ್ಞಾನದ ಪಾಠದಲ್ಲಿ ಮಾತ್ರ ಪರೀಕ್ಷೆಗೆ ಒಡ್ಡಬಹುದಾದ ವಿವರಣೆಗಳಿಗಷ್ಟೇ ಎಡೆ.

ಒಂದು ಪದದ ತೊಡಕು

‘ವಿಕಾಸವಾದ’ ಎಂಬ ಪದ ಕನ್ನಡದಲ್ಲಿ ರೂಢಿಯಲ್ಲಿದೆ. ‘ವಾದ’ ಎಂದೊಡನೆ ‘ಪ್ರತಿವಾದ’ವೂ ಇರಬೇಕೆಂದು ಮಗು ಭಾವಿಸುವುದು ಸಹಜ. ‘ಸಿದ್ಧಾಂತ’ವೆಂದರೂ ದ್ವೈತ, ಅದ್ವೈತಗಳಂತೆ ಮತಭೇದದ ವಿಷಯವೆಂಬ ಅರ್ಥ ಸುಳಿಯುತ್ತದೆ. ಜೀವಿಗಳು ಬದಲಾಗುತ್ತ ಬಂದಿರುವ ಸಂಗತಿಯನ್ನು ‘ಜೀವವಿಕಾಸ’ ಎಂದೂ, ಆ ಬದಲಾವಣೆ ನಡೆಯುವ ಬಗೆಗೆ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ವಿವರಣೆಯನ್ನು ‘ನಿಸರ್ಗದ ಆಯ್ಕೆಯ ಸಿದ್ಧಾಂತ’ ಎಂದೂ ಬೇರ್ಪಡಿಸಿ ಹೇಳುವುದು ಒಳಿತು. ವಿಜ್ಞಾನದಲ್ಲಿ ಸಿದ್ಧಾಂತವೆಂದರೆ ಹಲವು ಪರೀಕ್ಷೆಗಳನ್ನು ತಾಳಿಕೊಂಡು ನಿಂತ ವಿವರಣೆ ಎಂಬುದನ್ನು ಆರಂಭದಲ್ಲೇ ತಿಳಿಸಬೇಕು.

ತರಗತಿಯಲ್ಲಿ ಬೋಧನೆಯ ಕ್ರಮ

1. ‘ಯಾರು ನೋಡಿದ್ದಾರೆ?’ ಮಕ್ಕಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಅದು ಒಳ್ಳೆಯ ಪ್ರಶ್ನೆ. ವಾಳವಂಟಿಗೆ ರಾತ್ರಿ ನೆರೆ ಬಂದು ಇಳಿದುಹೋಗಿದೆಯೆಂದು ಭಾವಿಸೋಣ. ನೀರು ಏರಿದುದನ್ನು ಕಾಣದವರೂ ಬೆಳಗ್ಗೆ ಗೋಡೆಯ ಮೇಲಿನ ಕೆಸರಿನ ಗೆರೆಯನ್ನು ನೋಡಿ ನೀರು ಎಷ್ಟೆತ್ತರ ನಿಂತಿತ್ತೆಂದು ಹೇಳಬಲ್ಲರು. ಪಳೆಯುಳಿಕೆಗಳು, ಮನುಷ್ಯನ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆಗಳಲ್ಲಿ ಒಂದೇ ಮಾದರಿಯಲ್ಲಿರುವ ಎಲುಬುಗಳು ಅಂತಹ ಗೆರೆಗಳೇ. ಇಂದಿನ ಮಂಗ ಮನುಷ್ಯನಾಯಿತೆಂದು ವಿಜ್ಞಾನ ಹೇಳುವುದಿಲ್ಲ; ಇಬ್ಬರಿಗೂ ಬಹುಕಾಲದ ಹಿಂದೆ ಒಂದೇ ಪೂರ್ವಜ ಇತ್ತೆಂದು ಹೇಳುತ್ತದೆ.

2. ಪೇಟೆಯಿಂದ ಪಾಠ. ಎಲೆಕೋಸು, ಹೂಕೋಸು, ನವಿಲುಕೋಸುಗಳನ್ನು ತರಗತಿಗೆ ತರಬಹುದು. ಮೂರೂ ಒಂದೇ ಕಾಡುಗಿಡದಿಂದ ಬಂದವು. ರೈತರು ತಲೆಮಾರುಗಳ ಕಾಲ ಒಬ್ಬರು ಎಲೆಗಾಗಿ, ಒಬ್ಬರು ಹೂವಿಗಾಗಿ, ಒಬ್ಬರು ದಪ್ಪ ಕಾಂಡಕ್ಕಾಗಿ ಬೀಜ ಆರಿಸಿದುದರ ಫಲವಿದು. ಮನುಷ್ಯನ ಆಯ್ಕೆಯಿಂದ ಇಷ್ಟು ಬದಲಾವಣೆ ಸಾಧ್ಯವಾದುದನ್ನು ಕಂಡ ಮಗುವಿಗೆ ನಿಸರ್ಗದ ಆಯ್ಕೆ ಸುಲಭವಾಗಿ ಅರ್ಥವಾಗುತ್ತದೆ.

3. ಸೊಳ್ಳೆಯ ಉದಾಹರಣೆ. ಡಿಡಿಟಿ ಸಿಂಪಡಿಸಿದಾಗ ಹೆಚ್ಚಿನ ಸೊಳ್ಳೆಗಳು ಸಾಯುತ್ತವೆ. ಹುಟ್ಟಿನಿಂದಲೇ ಅದನ್ನು ತಾಳುವ ಗುಣವುಳ್ಳ ಕೆಲವು ಉಳಿದು ಮರಿ ಮಾಡುತ್ತವೆ. ತಲೆಮಾರುಗಳು ಕಳೆದಂತೆ ತಾಳುವ ಸೊಳ್ಳೆಗಳೇ ಹೆಚ್ಚಾಗುತ್ತವೆ. ಯಾವ ಸೊಳ್ಳೆಯೂ ತಾನಾಗಿ ಬದಲಾಗಲಿಲ್ಲ, ಬದಲಾದುದು ಸೊಳ್ಳೆಗಳ ಸಮೂಹ ಎಂಬ ಅಂಶಕ್ಕೆ ಒತ್ತು ಕೊಡಬೇಕು.

4. ಸಿದ್ಧಾಂತಕ್ಕೆ ಪರೀಕ್ಷೆ. ಡಿಚೋಲಿ ಪ್ರದೇಶದ ಗಣಿಗಳ ಕಬ್ಬಿಣದ ಶಿಲಾಪದರಗಳು ಇನ್ನೂರು ಕೋಟಿ ವರ್ಷಗಳಿಗೂ ಹಳೆಯವು. ಎಲುಬುಳ್ಳ ಪ್ರಾಣಿಗಳು ಆಗ ಇರಲಿಲ್ಲವೆಂದು ಜೀವವಿಕಾಸದ ತಿಳಿವಳಿಕೆ ಹೇಳುತ್ತದೆ. ಶಿಲೆ ರೂಪುಗೊಂಡಾಗಲೇ ಹುದುಗಿದ ದನದ ಎಲುಬೊಂದು ಅಲ್ಲಿ ಸಿಕ್ಕರೆ ಆ ತಿಳಿವಳಿಕೆ ಬುಡಮೇಲಾಗುತ್ತದೆ. ಏನು ಸಿಕ್ಕರೆ ತಾನು ತಪ್ಪಾಗುತ್ತೇನೆ ಎಂಬುದನ್ನು ವೈಜ್ಞಾನಿಕ ವಿವರಣೆ ಮುಂಚಿತವಾಗಿಯೇ ಹೇಳುತ್ತದೆ. ಸೃಷ್ಟಿಕಥೆ ಇಂತಹ ಷರತ್ತಿಗೆ ಒಳಪಡುವುದಿಲ್ಲ. ಅದರ ಉದ್ದೇಶವೂ ಅದಲ್ಲ.

ಶಿಕ್ಷಕರ ನಡೆ

ಮಗುವಿನ ಮನೆಯ ನಂಬಿಕೆಯನ್ನು ಹಾಸ್ಯ ಮಾಡುವುದು ಸಲ್ಲದು. ಹಾಸ್ಯಕ್ಕೊಳಗಾದ ಮಗು ಪಾಠವನ್ನೂ ಶಿಕ್ಷಕರನ್ನೂ ಒಟ್ಟಿಗೆ ದೂರವಿಡುತ್ತದೆ. ‘ಈ ಕಥೆ ನಿಮ್ಮ ಮನೆಯ ಹಿರಿಯರು ಕೊಟ್ಟ ಸಂಪತ್ತು, ಈ ಗಂಟೆಯಲ್ಲಿ ನಾವು ಕಲಿಯುತ್ತಿರುವುದು ಕುರುಹು ನೋಡಿ ತಿಳಿಯುವ ವಿಧಾನ’ ಎಂಬಷ್ಟು ಉತ್ತರ ಸಾಕು. ನಂಬಿಕೆಯುಳ್ಳವರೆಲ್ಲರೂ ವಿಕಾಸವನ್ನು ನಿರಾಕರಿಸುತ್ತಾರೆಂಬ ಭಾವನೆಯೂ ಸರಿಯಲ್ಲ. ಜೀವವಿಕಾಸವು ಕೇವಲ ಊಹೆಯಾಗಿ ಉಳಿದಿಲ್ಲವೆಂದು ಎರಡನೆಯ ಪೋಪ್ ಜಾನ್ ಪಾಲ್ ಅವರು 1996ರಲ್ಲಿ ಒಪ್ಪಿದ್ದರು. ಅದೇ ರೀತಿ, ದಶಾವತಾರವೇ ವಿಕಾಸದ ಪಾಠವೆಂದು ಹೊಂದಿಸಿ ಹೇಳುವ ರೂಢಿಯನ್ನೂ ಬಿಡಬೇಕು. ಅದರಿಂದ ಪುರಾಣಕ್ಕೂ ವಿಜ್ಞಾನಕ್ಕೂ ನ್ಯಾಯ ದೊರೆಯುವುದಿಲ್ಲ.

ಪಠ್ಯದಲ್ಲಿ ಅಧ್ಯಾಯವಿಲ್ಲದ ಕಡೆ, ಅನುವಂಶೀಯತೆಯ ಪಾಠದ ಕೊನೆಗೆ ಎರಡು ಅವಧಿಗಳನ್ನು ಈ ವಿಷಯಕ್ಕೆ ಮೀಸಲಿಡಬಹುದು. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲದಿರಬಹುದು. ಆದರೆ ಹತ್ತನೆಯ ತರಗತಿಯೇ ಕೊನೆಯ ವಿಜ್ಞಾನ ತರಗತಿಯಾಗುವ ಮಗುವಿಗೆ ಇದನ್ನು ತನ್ನ ಭಾಷೆಯಲ್ಲಿ ಕೇಳುವ ಮತ್ತೊಂದು ಅವಕಾಶ ಬರಲಾರದು.

ಚರ್ಚೆಗೆ ಪ್ರಶ್ನೆಗಳು

1. ಕಣ್ಣಾರೆ ಕಾಣದ ಘಟನೆಯನ್ನು ಕುರುಹುಗಳಿಂದ ತಿಳಿದ ಎರಡು ಸಂದರ್ಭಗಳನ್ನು ಮಕ್ಕಳಿಂದ ಹೇಳಿಸಿರಿ.
2. ಒಂದೇ ಸೃಷ್ಟಿಕಥೆಯನ್ನು ಭಾಷೆಯ ಪಾಠದಲ್ಲಿ ಕಲಿಸುವುದಕ್ಕೂ ವಿಜ್ಞಾನದ ಪಾಠದಲ್ಲಿ ಕಲಿಸುವುದಕ್ಕೂ ಇರುವ ವ್ಯತ್ಯಾಸವೇನು?
3. ‘ಮಂಗನಿಂದ ಮಾನವ’ ಎಂಬ ರೂಢಿಯ ಮಾತಿನಲ್ಲಿರುವ ತಪ್ಪನ್ನು ಒಂದು ವಂಶವೃಕ್ಷದ ಚಿತ್ರದ ಮೂಲಕ ವಿವರಿಸಿರಿ.