ಒಳಗಿನ ಪ್ಲಾಸ್ಟಿಕ್ ಮಾಸಿತೆಂದು ಕಾರು ಮಾರಬೇಡಿ

ನಮ್ಮ ಜಾಲಹಳ್ಳಿ ಕಡೆಯ ಬಿಸಿಲಿಗೆ ಕಾರಿನಲ್ಲಿ ಮೊದಲು ಮುಪ್ಪಾಗುವುದು ಎಂಜಿನ್ ಅಲ್ಲ, ಒಳಗಿನ ಪ್ಲಾಸ್ಟಿಕ್. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಗಾಜು ಏರಿಸಿ ಬಯಲಲ್ಲಿ ನಿಲ್ಲಿಸಿದ ಗಾಡಿಯ ಒಳಗಿನ ಕಾವು ಅದಕ್ಕಿಂತ ಬಹಳ ಹೆಚ್ಚು. ಅದರ ಮೇಲೆ ಎರೆಮಣ್ಣಿನ ಧೂಳು ಬೇರೆ. ನಮ್ಮ ಮನೆಯ ಕಾರು 2014ರ ಮಾಡಲ್. ದೇವದುರ್ಗ, ಮಾನ್ವಿ, ರಾಯಚೂರು ಎಂದು ಎಲ್ಲಿಗೆ ಹೊರಟರೂ ತಕರಾರಿಲ್ಲದೆ ಓಡುತ್ತದೆ. ಆದರೆ ಬಾಗಿಲಿನ ಒಳಹಿಡಿಕೆ, ಗೇರಿನ ಸುತ್ತಲಿನ ಪಟ್ಟಿ, ಪವರ್ ವಿಂಡೋ ಬಟನ್ ಕೂತಿರುವ ಪ್ಯಾನೆಲ್ ಎಲ್ಲ ಬಣ್ಣ ಕಳೆದುಕೊಂಡು ಬೆಳ್ಳಗಾಗಿದ್ದವು. ಮನೆಯಲ್ಲಿ ಮಾತು ಶುರುವಾಯಿತು: “ಗಾಡಿ ಹಳೇದಾತು. ಇದನ್ನ ಕೊಟ್ಟು ಹೊಸಾದು ತಗೊಳ್ಳೋಣು.”

ಕಾರು ಬದಲಿಸುವ ಎಷ್ಟೋ ನಿರ್ಧಾರಗಳು ಹುಟ್ಟುವುದು ಹೀಗೇ. ಬಾನೆಟ್ ಎತ್ತಿ ನೋಡಿ ಯಾರೂ ಬೇಸರಪಡುವುದಿಲ್ಲ. ದಿನವೂ ಕೈ ತಾಗುವ, ಕಣ್ಣಿಗೆ ಬೀಳುವ ಜಾಗ ಮಾಸಿದಾಗ ಇಡೀ ಗಾಡಿಯೇ ಮುಗಿಯಿತು ಅನ್ನಿಸುತ್ತದೆ. ಆ ಅನ್ನಿಸಿಕೆಯ ಬೆಲೆಯನ್ನು ಕಾಗದದ ಮೇಲೆ ಬರೆದು ನೋಡೋಣ. 5 ಲಕ್ಷ ರೂಪಾಯಿ ಸಾಲ, ಶೇ 9.5 ಬಡ್ಡಿ, 5 ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 10,500 ರೂಪಾಯಿ. ಐದು ವರ್ಷಕ್ಕೆ ಬಡ್ಡಿಯೊಂದೇ ಸುಮಾರು 1 ಲಕ್ಷ 30 ಸಾವಿರ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷ ನಡೆಯುತ್ತದೆ. ಹಾಗಾಗಿ ನಮ್ಮ ಗಾಡಿಯ ಆರ್‌ಸಿ 2029ರವರೆಗೆ ಇದೆ, ಆಮೇಲೆ ನವೀಕರಣಕ್ಕೂ ದಾರಿಯಿದೆ. ಓಡುವ ಗಾಡಿಯನ್ನು ಬಣ್ಣದ ಕಾರಣಕ್ಕೆ ಕೈಬಿಟ್ಟು ಇಷ್ಟು ಬಡ್ಡಿ ಕಟ್ಟುವುದು ನನಗೆ ಸರಿಕಾಣಲಿಲ್ಲ.

ರಾಯಚೂರಿನ ಒಂದು ಅಂಗಡಿಯಲ್ಲಿ ಕೇಳಿದಾಗ ಒಳಗಿನ ಪ್ಯಾನೆಲ್‌ಗಳಿಗೆ ಬಣ್ಣ ಹೊಡೆಯಲು 8 ಸಾವಿರ ಎಂದರು. ಬಿಚ್ಚುವುದು, ಉಜ್ಜುವುದು, ಮತ್ತೆ ಕೂರಿಸುವುದು ಸೇರಿದರೆ ಅದು ಹೆಚ್ಚಿನ ದರವೇನಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಕೂಲಿಯದ್ದು, ಸಾಮಾನಿನದು ಕಡಿಮೆ. ಕೂಲಿ ನಾವೇ ಮಾಡಿಕೊಂಡರೆ ಉಳಿತಾಯ ಅಲ್ಲೇ ಇದೆ. ನಾನು ಕೊಂಡದ್ದು ಪ್ಲಾಸ್ಟಿಕ್ ಪ್ರೈಮರ್, ಮ್ಯಾಟ್ ಕಪ್ಪು ಬಣ್ಣದ ಸ್ಪ್ರೇ ಡಬ್ಬಿಗಳು, ಐಸೊಪ್ರೊಪೈಲ್ ಆಲ್ಕೊಹಾಲ್, ವಾಟರ್ ಪೇಪರ್, ಮಾಸ್ಕಿಂಗ್ ಟೇಪು, ಒಂದಿಷ್ಟು ಕ್ಲಿಪ್ಪು. ಎಲ್ಲ ಸೇರಿ 2 ಸಾವಿರದೊಳಗೆ ಮುಗಿಯಿತು.

“ಸರ, ಅದು ಪ್ಲಾಸ್ಟಿಕ್ ರೀ, ಬಣ್ಣ ಹಿಡಿಯಂಗಿಲ್ಲ. ಉಗುರು ತಾಗಿದ್ರ ಸಿಪ್ಪಿ ಎದ್ದಂಗ ಏಳ್ತದ,” ಎಂದು ನಮ್ಮ ಮೆಕ್ಯಾನಿಕ್ ಎಚ್ಚರಿಸಿದ್ದ. ಅವನ ಮಾತಿನಲ್ಲಿ ಹುರುಳಿದೆ. ಪ್ಯಾನೆಲ್ ಬಿಚ್ಚಿ ಹಿಂಬದಿ ತಿರುಗಿಸಿದರೆ ಅಚ್ಚಿನಲ್ಲೇ ಮೂಡಿದ ಸಣ್ಣ ಅಕ್ಷರ ಕಾಣುತ್ತದೆ. ‘ಎಬಿಎಸ್’ ಎಂದಿದ್ದರೆ ಬಣ್ಣ ಸುಲಭವಾಗಿ ಹಿಡಿಯುತ್ತದೆ. ‘ಪಿಪಿ’ ಎಂದಿದ್ದರೆ ಅದು ಪಾಲಿಪ್ರೊಪಿಲೀನ್, ಅದರ ಮೇಲ್ಮೈಗೆ ಬಣ್ಣ ಅಂಟುವುದೇ ಕಷ್ಟ. ಅದಕ್ಕೆ ಅಡ್ಹೀಷನ್ ಪ್ರೊಮೋಟರ್ ಎಂಬ ತೆಳುವಾದ ತಳಲೇಪ ಬೇಕೇಬೇಕು. ಕಬ್ಬಿಣದ ಗೇಟಿಗೆ ಹಚ್ಚುವ ಸಾದಾ ಪ್ರೈಮರ್ ಇಲ್ಲಿ ಕೆಲಸಕ್ಕೆ ಬಾರದು. ಕೊಳ್ಳುವ ಮುಂಚೆ ಈ ಅಕ್ಷರ ನೋಡಿಕೊಂಡರೆ ದುಡ್ಡು ವ್ಯರ್ಥವಾಗುವುದಿಲ್ಲ.

ಎರಡನೆಯ ಶತ್ರು ಡ್ಯಾಶ್‌ಬೋರ್ಡ್ ಪಾಲಿಶ್. ವರ್ಷಗಟ್ಟಲೆ ಹಚ್ಚಿದ ಪಾಲಿಶ್‌ನಲ್ಲಿನ ಸಿಲಿಕೋನ್ ಪ್ಲಾಸ್ಟಿಕ್ಕಿನ ಸಂದುಗಳಲ್ಲಿ ಕೂತಿರುತ್ತದೆ. ಅದರ ಮೇಲೆ ಬಣ್ಣ ಹೊಡೆದರೆ ಮೀನಿನ ಕಣ್ಣಿನಂಥ ಗುಂಡು ಗುಂಡು ತೂತು ಬೀಳುತ್ತವೆ. ಮೊದಲು ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗೆರೆಗೆರೆಯೂ ತಿಕ್ಕಬೇಕು. ಒಣಗಿದ ಮೇಲೆ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಬಟ್ಟೆಯ ಮಗ್ಗುಲು ಬದಲಿಸುತ್ತ ಒರೆಸುತ್ತಲೇ ಇರಬೇಕು. ಆಮೇಲೆ 400 ನಂಬರ್, ನಂತರ 600 ನಂಬರ್ ವಾಟರ್ ಪೇಪರ್‌ನಿಂದ ನೀರು ಹಾಕಿ ಹಗುರಾಗಿ ಉಜ್ಜಿದರೆ ಸಾಕು. ಇಡೀ ಕೆಲಸದ ಮುಕ್ಕಾಲು ಪಾಲು ಇಷ್ಟೇ. ಸ್ಪ್ರೇ ಹೊಡೆಯುವುದು ಉಳಿದ ಕಾಲು ಭಾಗ.

ನಮ್ಮ ಊರಿನ ಹವೆಗೆ ತಕ್ಕ ಹೊತ್ತು ನೋಡಿಕೊಳ್ಳಬೇಕು. ಬಿಸಿಗಾಳಿಯಲ್ಲಿ ಹೊಡೆದರೆ ಬಣ್ಣದ ಹನಿ ಪ್ಯಾನೆಲ್ ಮುಟ್ಟುವ ಮುಂಚೆಯೇ ಅರ್ಧ ಒಣಗುತ್ತದೆ, ಮೇಲ್ಮೈ ರವೆರವೆಯಾಗುತ್ತದೆ. ಬೆಳಗಿನ ಹೊತ್ತು, ಗಾಳಿಯಾಡುವ ಆದರೆ ಧೂಳು ಏಳದ ನೆರಳಿನಲ್ಲಿ, ನೆಲಕ್ಕೆ ನೀರು ಚಿಮುಕಿಸಿಕೊಂಡು ಕೆಲಸ ಮಾಡಬೇಕು. ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ, ಒಂದು ಗೇಣಿಗಿಂತ ತುಸು ಹೆಚ್ಚು ದೂರ ಹಿಡಿದು, ಕೈ ನಿಲ್ಲಿಸದೆ ತೆಳುವಾಗಿ ಹೊಡೆಯಬೇಕು. ಒಂದು ಕೋಟ್ ಆರಲು 10ರಿಂದ 15 ನಿಮಿಷ ಬಿಟ್ಟು ಇನ್ನೊಂದು. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಬಣ್ಣ ಒಳಗಿನಿಂದ ಗಟ್ಟಿಯಾಗಲು ಕೆಲವು ದಿನ ಬೇಕು. ಅದಕ್ಕೆ ಮುಂಚೆ ಕೂರಿಸಿದರೆ ಬೆರಳಚ್ಚು ಬೀಳುತ್ತದೆ, ಗಾಡಿಯೊಳಗೆ ವಾಸನೆಯೂ ನಿಲ್ಲುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಉಳಿದ ಡಬ್ಬಿಯನ್ನು ಕಾರಿನೊಳಗೆ ಇಡಬೇಡಿ, ಬಿಸಿಲಿಗೆ ಸಿಡಿಯಬಹುದು.

ಬಣ್ಣ ಮ್ಯಾಟ್ ಆಗಿರಲಿ. ಹೊಳೆಯುವ ಬಣ್ಣ ಮಧ್ಯಾಹ್ನದ ಬಿಸಿಲಿಗೆ ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ. ತಿಂಥಣಿ ಬ್ರಿಜ್ ಕಡೆಯ ರಸ್ತೆಯಲ್ಲಿ ಎದುರಿನಿಂದ ಲಾರಿ ಬರುವಾಗ ಅಂಥ ಹೊಳಪು ಅಪಾಯ.

ಎಷ್ಟು ಉಳಿತಾಯವಾದರೂ ಕೈ ಹಾಕಬಾರದ ಜಾಗಗಳಿವೆ. ಸ್ಟೇರಿಂಗ್‌ನ ನಡುಭಾಗ, ಎಡಗಡೆಯ ಡ್ಯಾಶ್‌ಬೋರ್ಡ್, ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಎಂದು ಬರೆದಿರುವ ಯಾವುದೇ ಮುಚ್ಚಳಕ್ಕೆ ಬಣ್ಣ ಹೊಡೆಯಬಾರದು, ಬಿಚ್ಚಲೂಬಾರದು. ಅಪಘಾತದ ಕ್ಷಣದಲ್ಲಿ ಆ ಮುಚ್ಚಳ ಗೊತ್ತುಮಾಡಿದ ಗೆರೆಯಲ್ಲೇ ಬಿರಿದು ಏರ್‌ಬ್ಯಾಗಿಗೆ ದಾರಿ ಬಿಡಬೇಕು. ಬಣ್ಣದ ಪದರ ಅದನ್ನು ಬಿಗಿ ಮಾಡಬಹುದು, ಚೂರುಗಳು ಮುಖಕ್ಕೆ ಹಾರಬಹುದು. ವೈರ್ ಇರುವ ಪ್ಯಾನೆಲ್ ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ.

ಕೆಲವರು ಮಾಸಿದ, ಮುರಿದ ಪ್ಯಾನೆಲ್‌ಗೆ ಇನ್ಶೂರೆನ್ಸ್ ಕ್ಲೇಮ್ ಮಾಡೋಣ ಎನ್ನುತ್ತಾರೆ. ಬಿಸಿಲಿಗೆ ಮಾಸಿದ್ದು ಸವೆತ, ಅದಕ್ಕೆ ಪಾಲಿಸಿ ಹಣ ಕೊಡುವುದಿಲ್ಲ. ಅಪಘಾತದಲ್ಲೇ ಮುರಿದರೂ ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ. 3,000 ರೂಪಾಯಿಯ ಪ್ಯಾನೆಲ್ ಎಂದಿಟ್ಟುಕೊಳ್ಳಿ. 1,500 ಸವಕಳಿಗೆ ಹೋಯಿತು, 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಹೋಯಿತು, ಕೈಗೆ ಬರುವುದು 500. ಆ 500ಕ್ಕಾಗಿ, ಕ್ಲೇಮ್ ಇಲ್ಲದ ಐದು ವರ್ಷಕ್ಕೆ ಶೇ 50ರವರೆಗೆ ಬೆಳೆಯುವ ನೋ ಕ್ಲೇಮ್ ಬೋನಸ್ ಬಿಟ್ಟುಕೊಡುವುದು ನಷ್ಟದ ವ್ಯಾಪಾರ.

ಎಲ್ಲದಕ್ಕೂ ಬಣ್ಣವೇ ಮದ್ದಲ್ಲ. ಎಸಿ ಗಾಳಿಕಿಂಡಿ, ಗೇರ್ ನಾಬ್‌ನಂಥ ಸಣ್ಣ ಭಾಗಗಳಿಗೆ ಮೊದಲು ಬಿಡಿಭಾಗದ ಅಂಗಡಿಯಲ್ಲಿ ದರ ಕೇಳಿ. ಡಬ್ಬಿ ಬಣ್ಣಕ್ಕಿಂತ ಹೊಸದೇ ಅಗ್ಗವಾಗಬಹುದು, ಗುಜರಿಯಲ್ಲಿ ಇನ್ನೂ ಕಡಿಮೆಗೆ ಸಿಗಬಹುದು. ಕೈ ಸದಾ ತಾಗುವ ಹಿಡಿಕೆಗಳಲ್ಲಿ ಮನೆಯಲ್ಲಿ ಹೊಡೆದ ಬಣ್ಣ ಬೇಗ ಸವೆಯುತ್ತದೆ, ಆಗಾಗ ಮೇಲ್ಪದರ ಕೊಡುತ್ತಿರಬೇಕು. ಮಾರುವಾಗ ಬೆಲೆ ಬಂದೀತು ಎಂಬ ಆಸೆಯಿಂದಲೂ ಈ ಕೆಲಸಕ್ಕೆ ಇಳಿಯಬೇಡಿ. ಕೊಳ್ಳುವವರು ನೋಡುವುದು ಎಂಜಿನ್, ಟಯರ್, ಕಾಗದಪತ್ರ. ಕೇಳಿದರೆ ಬಣ್ಣ ಹೊಡೆದದ್ದನ್ನು ಹೇಳಿಬಿಡುವುದೇ ಮರ್ಯಾದೆ.

ಕಾರು ಬದಲಿಸುವ ಮಾತು ನಿಮ್ಮ ಮನೆಯಲ್ಲೂ ಎದ್ದಿದ್ದರೆ, ಶೋರೂಮಿಗೆ ಹೋಗುವ ಮುಂಚೆ ನಂಬಿಕೆಯ ಮೆಕ್ಯಾನಿಕ್‌ಗೆ ಎಂಜಿನ್, ಬ್ರೇಕ್, ಸಸ್ಪೆನ್ಷನ್ ತೋರಿಸಿ. ಅವು ಗಟ್ಟಿಯಾಗಿದ್ದರೆ 2 ಸಾವಿರ ಖರ್ಚು ಮಾಡಿ ಒಳಗನ್ನು ಹಸನು ಮಾಡಿಕೊಳ್ಳಿ. ಕಟ್ಟಬೇಕಿದ್ದ ಕಂತಿನ ಅರ್ಧವನ್ನಾದರೂ ತಿಂಗಳು ತಿಂಗಳು ಆರ್‌ಡಿಗೆ ಹಾಕಿ. ನಾಳೆ ಕಾರು ಬದಲಿಸಲೇಬೇಕಾಗಿ ಬಂದಾಗ ಸಾಲ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.