ಕುಣಿಯುವ ಮಕ್ಕಳ ಊಟ ಮತ್ತು ಮನಸ್ಸು

ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹನ್ನೆರಡು ವರ್ಷದ ಬಾಲಕಿಗೆ ಮರಳಿ ಜೀವ ಕೊಡುತ್ತಾರೆ. ಕೂಡಲೇ ಅವಳಿಗೆ ತಿನ್ನಲು ಏನಾದರೂ ಕೊಡುವಂತೆ ಮನೆಯವರಿಗೆ ಹೇಳುತ್ತಾರೆ. ಅಷ್ಟು ದೊಡ್ಡ ಅದ್ಭುತದ ನಡುವೆಯೂ ಅವರು ಒಂದು ಮಗುವಿನ ಹಸಿವನ್ನು ಮರೆಯಲಿಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹೆತ್ತವರು ಮಕ್ಕಳನ್ನು ನೃತ್ಯ ತರಗತಿಗೆ ಕಳಿಸುವುದು ಸಂತೋಷದ ಸಂಗತಿ. ಬೇಲೂರಿನ ಮದನಿಕೆಯರ ಜಿಲ್ಲೆಯಲ್ಲವೇ ನಮ್ಮದು! ಆದರೆ ಶಾಲೆ ಮುಗಿಸಿ ನೇರವಾಗಿ ತರಗತಿಗೆ ಹೋಗುವ ಮಗಳು ಕೊನೆಯ ತುತ್ತು ತಿಂದದ್ದು ಯಾವಾಗ?

ದೇಹಕ್ಕೆ

ಅರಮಂಡಿಯಲ್ಲಿ ಕುಳಿತು ಗಂಟೆಗಟ್ಟಲೆ ಅಡವು ಮಾಡುವುದು ದೊಡ್ಡ ದುಡಿಮೆ. ಅದಕ್ಕೆ ತಕ್ಕ ಊಟವಿಲ್ಲದಿದ್ದರೆ ತಲೆಸುತ್ತು ಬರುತ್ತದೆ, ಮುಟ್ಟು ತಪ್ಪಬಹುದು, ಮೂಳೆ ದುರ್ಬಲವಾಗುತ್ತದೆ. ಮುಟ್ಟು ಮೂರು ತಿಂಗಳು ನಿಂತರೆ ವೈದ್ಯರಿಗೆ ತೋರಿಸಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು.

ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ಮೊಟ್ಟೆ, ಹಾಲು ಕೊಡಿ. ಸೊಪ್ಪು, ಕಾಳುಗಳಿಗೆ ನಿಂಬೆಹಣ್ಣು ಹಿಂಡಿದರೆ ಅವುಗಳ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಕಾಫಿ, ಟೀ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ತರಗತಿಗೆ ಮುನ್ನ ಒಂದು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ ಬೆಲ್ಲ ಸಾಕು.

ಮನಸ್ಸಿಗೆ

"ದಪ್ಪಗಾಗಿದ್ದೀಯಲ್ಲ" ಎಂಬ ಮಾತು ಆಡಿದವರಿಗೆ ತಮಾಷೆ, ಕೇಳಿದವಳಿಗೆ ವರ್ಷಗಟ್ಟಲೆ ನೋವು. ಊಟ ಬಿಡುವುದು, ತಿಂದು ವಾಂತಿ ಮಾಡುವುದು, ನಿದ್ದೆಗೆಡುವುದು, ಸದಾ ಕನ್ನಡಿಯ ಮುಂದೆ ಕೊರಗುವುದು ಹಟವಲ್ಲ, ಕಾಯಿಲೆಯ ಲಕ್ಷಣವಿರಬಹುದು. ಗದರಿಸಬೇಡಿ, ಪಕ್ಕದಲ್ಲಿ ಕುಳಿತು ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲೂ ರಾತ್ರಿಯೂ ಉಚಿತವಾಗಿ ಸಲಹೆ ದೊರೆಯುತ್ತದೆ. ಮನೋವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಇನ್ನೊಂದು ಮಾತು. ತಪಸ್ಸುಕಾಲದ ಹೆಸರಿನಲ್ಲಿ ತೂಕ ಇಳಿಸುವ ಮಕ್ಕಳೂ ಇರಬಹುದು. ಧರ್ಮಸಭೆಯ 1983ರ ಕಾನೂನು ಸಂಹಿತೆಯಂತೆ ಉಪವಾಸದ ಕಟ್ಟಳೆ 18 ವರ್ಷ ತುಂಬಿದವರಿಗೆ ಮಾತ್ರ. ಹದಿನೈದರ ಹುಡುಗಿ ಹಸಿದಿರಬೇಕೆಂದು ಧರ್ಮಸಭೆ ವಿಧಿಸಿಲ್ಲ. ಅವಳು ತಾಳ್ಮೆಯನ್ನೋ, ಮೌನವನ್ನೋ, ಸೇವೆಯನ್ನೋ ಕಾಣಿಕೆಯಾಗಿ ಅರ್ಪಿಸಲಿ.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಮಕ್ಕಳ ಮೈಕಟ್ಟಿನ ಬಗ್ಗೆ ಯಾವ ಮಾತುಗಳನ್ನು ಆಡುತ್ತೇವೆ?

2. ವಾರದಲ್ಲಿ ಎಷ್ಟು ಸಲ ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡುತ್ತೇವೆ?